ಬ್ರೇಕ್ ಸಡಿಲವಾದ ಟೈಲರು

ಟೈಲರನ ಹೆಂಡತಿಗೆ ಗಂಡನ ಮೇಲಿದ್ದ ದೂರು ಒಂದೇ: ಬಾಯಿಬಿಟ್ಟರೆ ಮುತ್ತು ಉದುರುತ್ತದೇನೋ ಎಂಬಂತೆ ಇರುತ್ತಾನೆ. ಮದುವೆಯಾಗಿ ಇಷ್ಟು ವರ್ಷವಾದರೂ ನೀನು ಚೆನ್ನ ಎಂದವನಲ್ಲ, ಸಾಕಾಯಿತು ಎಂದವನೂ ಅಲ್ಲ. ತವರಿಗೆ ಹೊರಟರೆ 'ಹೂಂ', ಮರಳಿದರೆ 'ಬಂದ್ಯಾ'. ಮರಳಿದಾಗಲೆಲ್ಲ ಮಂಚದ ಮೇಲೆ ಹೊಸದೊಂದು ದಿಂಬಿನ ಕವರು ಮಾತ್ರ ಇರುತ್ತಿತ್ತು. ಇರುವುದು ಎರಡು ದಿಂಬು, ಕವರು ಕಪಾಟಿನ ತುಂಬ. "ದಿಂಬಿಗಿರೋ ಉಪಚಾರ ನನಗಿಲ್ಲ" ಎಂದು ಗೊಣಗಿ ಸುಮ್ಮನಾಗುತ್ತಿದ್ದಳು.

ಅಂಗಡಿಯಲ್ಲಿ ಇಬ್ಬರದೂ ಒಂದು ಗುಟ್ಟಿತ್ತು. ಗಿರಾಕಿಯ ಸೊಂಟ ಅಳೆದು ಆತ ಎರಡಿಂಚು ಕಡಿಮೆ ಕೂಗುವುದು, ಈಕೆ ಎರಡು ಸೇರಿಸಿ ಬರೆದುಕೊಳ್ಳುವುದು. ಗಿರಾಕಿಯ ಮಾನವೂ ಉಳಿಯುತ್ತಿತ್ತು, ಗುಂಡಿಯೂ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಟೈಲರು ಕುಡಿಯದೆಯೇ ತೂರಾಡಿ ಬಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಕೈಕಾಲು ಸುಮಾರಾಗಿ ಸರಿಹೋದವು, ಬಾಯಿ ಮಾತ್ರ ಹದ ತಪ್ಪಿತು. ಹೆಡ್‌ಮೇಷ್ಟ್ರು ಪ್ಯಾಂಟು ಹೊಲಿಸಲು ಬಂದರೆ, "ನಲವತ್ನಾಲ್ಕು! ಮೇಷ್ಟ್ರೇ, ಟೇಪೇ ಸುಸ್ತಾಯ್ತು" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕ. ಗಾಬರಿಯಾದ ಹೆಂಡತಿ ಅಭ್ಯಾಸಬಲದಿಂದ ನಲವತ್ತಾರು ಬರೆದಳು. ಆ ಪ್ಯಾಂಟು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ಇಡೀ ಶಾಲೆಯ ಎದುರು, ಮೇಷ್ಟ್ರಿಗೆ ಕೈಕೊಟ್ಟಿತು. ಅಲ್ಲಿಂದ ಗಂಡಹೆಂಡಿರು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತರು.

"ಇವರು ಬೇಕಂತ್ಲೇ ಹೀಗಾಡ್ತಾರಾ ಡಾಕ್ಟರಮ್ಮ?"

"ಇಲ್ಲಮ್ಮ. ತಲೆ ಹಿಂದ್ಗಡೆ ಕಿರುಮೆದುಳು ಅಂತಿದೆ, ಅದಕ್ಕೆ ಪೆಟ್ಟಾಗಿದೆ. ನಡಿಗೆಯ ಹದ ನೋಡ್ಕೊಳ್ಳೋದು ಅದೇ. ಮಾತು, ನಗು, ಕೋಪದ ಹದದಲ್ಲೂ ಅದರ ಕೈವಾಡ ಇದೆ. ಈಗ ಬ್ರೇಕ್ ಸಡಿಲ. ಬರ್ತಾ ಬರ್ತಾ ಬಿಗಿಯಾಗಬಹುದು."

ಬಿಗಿಯಾದರೆ ಅಂಗಡಿ ಉಳಿಯುತ್ತದೆ, ನಿಜ. ಆದರೆ ಇಷ್ಟು ವರ್ಷ ಅವಳ ಎದೆ ಕೊರೆದ ಪ್ರಶ್ನೆಯೊಂದಿತ್ತಲ್ಲ? ಈಗ ಕೇಳದಿದ್ದರೆ ಉತ್ತರ ಇನ್ನೆಂದೂ ಸಿಗದು. ಕೇಳಿದರೆ ಸಿಗುವುದು ನಿಜವೇ. ಅದಕ್ಕೇ ಅವಳಿಗೆ ಭಯ.

ಒಂದು ದಿನ ಪೋಸ್ಟ್‌ಮ್ಯಾನಿನ ಅಳತೆ ತೆಗೆಯುವಾಗ ಟೈಲರು ಮೂವತ್ತೆಂಟು ಎನ್ನಹೋಗಿ, ನಾಲಿಗೆ ಕಚ್ಚಿಕೊಂಡು, ಮೂವತ್ತಾರು ಎಂದ. ಬ್ರೇಕ್ ಬಿಗಿಯಾಗತೊಡಗಿದೆ ಎಂದು ಹೆಂಡತಿಗೆ ತಿಳಿದುಹೋಯಿತು. ಪೋಸ್ಟ್‌ಮ್ಯಾನ್ ಮೆಟ್ಟಿಲಿಳಿದದ್ದೇ ತಡ, ಕೇಳಿಯೇಬಿಟ್ಟಳು.

"ರೀ, ನನ್ನ ಕಟ್ಕೊಂಡಿದ್ದಕ್ಕೆ ಬೇಜಾರಿದ್ಯಾ?"

"ಇದೆ," ಎಂದ, ನಡುಗುವ ಕೈಯಲ್ಲಿ ಸೂಜಿಗೆ ದಾರ ಪೋಣಿಸಲು ಹೆಣಗುತ್ತ. "ಗೊರಕೆ ಹೊಡೀತೀಯ. ನನ್ನ ಕತ್ತರೀಲಿ ಸೊಪ್ಪು ಕತ್ತರಿಸ್ತೀಯ."

ಅವಳ ಮುಖ ಸಪ್ಪಗಾಯಿತು.

"ನೀನು ತವರಿಗೆ ಹೋದ್ರಂತೂ ಇನ್ನೂ ಕಷ್ಟ ಕಣೇ. ತಲೆ ಓಡಲ್ಲ. ಯಾರದೋ ಬಟ್ಟೆ ತಪ್ಪು ಕತ್ತರಿಸಿ ಹಾಕ್ಬಿಡ್ತೀನಿ. ಆಮೇಲೆ ಅದರಲ್ಲಿ ಇನ್ನೇನು ಹೊಲಿಯೋಕಾಗತ್ತೆ? ದಿಂಬಿನ ಕವರು."

ಹೆಂಡತಿ ಸೂಜಿ ಕಿತ್ತುಕೊಂಡು ತಾನೇ ದಾರ ಪೋಣಿಸಲು ನೋಡಿದಳು. ಕಣ್ಣು ಮಂಜಾಗಿ ಅವಳಿಂದಲೂ ಆಗಲಿಲ್ಲ.