ದೇಶನೂರಿನ ಹೊಳೆಗುಂಟ ಬಾತುಕೋಳಿಗಳ ಸಂಗಡ

ಬಳ್ಳಾರಿಯಲ್ಲಿ ನಾನು ರವಿಕೆ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಐವತ್ತು ದಾಟಿದ ಮೇಲೆ ಒಂದು ದಿನ ಮಷಿನ್ ಮುಂದೆ ಕೂತಾಗ ಹೊಳೆಯಿತು: ಹುಟ್ಟಿದಂದಿನಿಂದ ನಾನು ಒಬ್ಬಳೇ, ಕೆಲಸವಿಲ್ಲದೆ, ಸುಮ್ಮನೆ ಎಲ್ಲಿಗೂ ನಡೆದವಳಲ್ಲ. ಕುರುಗೋಡಿನ ಗುಡ್ಡದ ಬುಡದಲ್ಲಿ ಬೆಳೆದೆ. ಬಂಡೆ ಹತ್ತುವುದು, ಸೀತಾಫಲ ಹುಡುಕುವುದು ಎಲ್ಲ ಗೊತ್ತು. ಆದರೆ ಅಲ್ಲಿಯೂ ಹಿಂದೆ ಮುಂದೆ ಓಣಿಯ ಹುಡುಗಿಯರೆಲ್ಲ ಇರುತ್ತಿದ್ದರು. ಮದುವೆಯಾದ ಮೇಲೆ ಮಾರುಕಟ್ಟೆಗೆ ಹೋದರೂ ಒಂದು ಮಗು ಕೈಯಲ್ಲಿ, ಒಂದು ಚೀಲ ಹೆಗಲಲ್ಲಿ.

ಈ ಸಲ ಶಿವರಾತ್ರಿ ಮುಗಿಸಿಕೊಂಡು ಸಿರುಗುಪ್ಪದ ತಂಗಿಯ ಮನೆಗೆ ಹೋದಾಗ ಹೇಳಿಯೇಬಿಟ್ಟೆ, ನಾಳೆ ದೇಶನೂರಿನ ಕಡೆ ಹೊಳೆದಂಡೆಗೆ ಹೋಗುತ್ತೇನೆ ಎಂದು.

"ಒಬ್ಬಾಕೀನ ಹೊಳಿಗೆ ಹೋಗಿ ಏನ್ ಮಾಡ್ತಿಯಕ್ಕ?" ಎಂದಳು ತಂಗಿ.

"ಏನೂ ಮಾಡಾಂಗಿಲ್ಲ. ನಡದು ಬರ್ತೀನಿ."

"ನಡ್ಯಾಕ ಅಷ್ಟು ದೂರ ಯಾಕ? ನಮ್ಮ ಮಾಳಿಗಿ ಮ್ಯಾಲ ನಡಿ."

ನಾನು ಜಗ್ಗಲಿಲ್ಲ. ಕೊನೆಗೆ ಅವಳೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬದನೆಕಾಯಿ ಪಲ್ಯ ಕಟ್ಟಿಕೊಟ್ಟಳು. ಆಗಾಗ ಫೋನ್ ಮಾಡುತ್ತೇನೆ, ಎತ್ತದಿದ್ದರೆ ನಮ್ಮ ಮನೆಯವರನ್ನು ಗಾಡಿ ಹತ್ತಿಸಿ ಕಳಿಸುತ್ತೇನೆ ಎಂದು ಹೆದರಿಸಿದಳು.

ಮರುದಿನ ಬೆಳಿಗ್ಗೆ ದೇಶನೂರಿನಲ್ಲಿ ಆಟೋದಿಂದ ಇಳಿದಾಗ ಗಾಳಿಯಲ್ಲಿ ಚಳಿಯ ಕೊನೆಯ ಎಳೆ ಇನ್ನೂ ಉಳಿದಿತ್ತು. ಬೇವಿನ ಮರಗಳು ಹಳೆಯ ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಟ್ಟಿದ್ದವು. ಎರಡನೇ ಬೆಳೆಯ ನಾಟಿ ಮುಗಿದ ಗದ್ದೆಗಳಲ್ಲಿ ನೀರು ನಿಂತು, ಒಂದೊಂದರಲ್ಲೂ ಒಂದೊಂದು ತುಂಡು ಆಕಾಶ. ಗದ್ದೆ ದಾಟಿದರೆ ತುಂಗಭದ್ರೆ. ಮಳೆಗಾಲದಲ್ಲಿ ದಡ ಕಾಣದಂತೆ ಹರಿಯುವ ಹೊಳೆ ಈಗ ಬಂಡೆಗಳ ಸಂದಿಯಲ್ಲಿ ಹರಿದು, ಮಡುಗಳಲ್ಲಿ ನಿಂತು, ಮತ್ತೆ ಹರಿಯುತ್ತಿತ್ತು. ಮುಂದೆ ಕಲ್ಲುಗುಡ್ಡಗಳು ಹೊಳೆಯ ಹತ್ತಿರಕ್ಕೇ ಸರಿದು ಬಂದು ದಾರಿಯನ್ನು ಇಕ್ಕಟ್ಟು ಮಾಡಿದ್ದವು. ಅಲ್ಲಿಯವರೆಗೆ ಹೋಗಬೇಕು ಎಂದುಕೊಂಡೆ.

ಗದ್ದೆಗೆ ನೀರು ಕಟ್ಟುತ್ತಿದ್ದ ವಯಸ್ಸಾದ ರೈತರೊಬ್ಬರು ಸಲಿಕೆ ಊರಿ ನಿಂತು ಕೇಳಿದರು, "ಯಾಕವ್ವ, ಯಾರ ಮನಿಗಿ ಹೋಗಬೇಕಿತ್ತು?"

"ಯಾರ ಮನಿಗೂ ಇಲ್ಲರಿ. ಸುಮ್ನ ಹೊಂಟೀನಿ."

"ಸುಮ್ನ ಅಂದ್ರ?"

ನಕ್ಕು ಮುಂದೆ ನಡೆದೆ. ಅವರು ಬಹಳ ಹೊತ್ತು ನನ್ನ ಬೆನ್ನನ್ನೇ ನೋಡುತ್ತಿದ್ದರು ಅನಿಸಿತು.

ಮೊದಲು ಕಾಲುಗಳು ಅಭ್ಯಾಸದಂತೆ ಅವಸರ ಮಾಡಿದವು. ಆಮೇಲೆ ಯಾರೂ ಕಾಯುತ್ತಿಲ್ಲ ಎಂಬುದು ಅವಕ್ಕೂ ತಿಳಿಯಿತು. ಬೇಕೆಂದಲ್ಲಿ ನಿಂತೆ. ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಮೀನಿನೊಂದಿಗೆ ಎದ್ದದ್ದನ್ನು ನೋಡಿದೆ. ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಒಣಗಿದ್ದ ರೊಟ್ಟಿಯ ಅಂಚನ್ನು ಮುರಿದು ನೀರಿಗೆ ಎಸೆದೆ.

ಪಕ್ಕದ ಜೊಂಡುಹುಲ್ಲು ಅಲ್ಲಾಡಿತು. ಹಾವೇನೋ ಎಂದು ಕಾಲು ಮೇಲಕ್ಕೆ ಎಳೆದುಕೊಂಡೆ. ಬಂದದ್ದು ಬಾತುಕೋಳಿ. ಅದರ ಹಿಂದೆ ಇನ್ನೊಂದು, ಮತ್ತೊಂದು, ಹೀಗೆ ಆರೇಳು. ರೊಟ್ಟಿ ನುಂಗಿ ನನ್ನ ಕಡೆ ಕುತ್ತಿಗೆ ಚಾಚಿದವು. ಇನ್ನಷ್ಟು ಹಾಕಿದೆ. ತಪ್ಪಾದದ್ದು ಅಲ್ಲೇ. ನಾನು ಎದ್ದು ಹೊರಟರೆ ಅವೂ ಸಾಲಾಗಿ ಹೊರಟವು. ನಿಂತರೆ ನಿಂತವು. ಗದರಿಸಿದೆ. ಅವು ಅದನ್ನು ಪ್ರೀತಿಯ ಮಾತೆಂದೇ ತಿಳಿದಂತೆ ಕ್ವಾಕ್ ಎಂದವು.

ಅದೇ ಹೊತ್ತಿಗೆ ತಂಗಿಯ ಫೋನ್ ಬಂತು.

"ಅದೇನಕ್ಕ ಸಪ್ಪಳ?"

"ಬಾತುಕೋಳಿ."

"ಒಬ್ಬಾಕೀನ ಹೋಗ್ತೀನಿ ಅಂದಿ, ಯಾರ ಸಂಗಾಟ ಅದಿ?"

"ಬಾತುಕೋಳಿ ಸಂಗಾಟ," ಎಂದೆ.

ದಾರಿ ಮತ್ತೊಂದು ಗದ್ದೆಯ ಬದುವಿಗೆ ಬಂತು. ಅಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. "ಅವ್ವಾರ, ನಿಮ್ಮ ಬಾತುಕೋಳಿ ನಮ್ಮ ಗದ್ದಿಗೆ ಬಿಡಬ್ಯಾಡ್ರಿ, ಸಸಿ ತುಳೀತಾವು," ಎಂದಳು ಒಬ್ಬಳು. ನನ್ನವಲ್ಲ ಎಂದರೆ ಯಾರು ನಂಬುತ್ತಾರೆ, ಅವು ನನ್ನ ಸೀರೆಯ ಅಂಚಿಗೆ ಅಂಟಿಕೊಂಡು ನಿಂತಿರುವಾಗ. ಆಕೆಯೇ ಕೊನೆಗೆ ಹೇಳಿದಳು: ಆಂಧ್ರದಿಂದ ಬಾತುಕೋಳಿ ಮೇಯಿಸುವವರು ಬಂದಿದ್ದಾರೆ, ಬಂಡೆಗಳ ಆಚೆ ಹೊಳೆ ತಿರುಗುವಲ್ಲಿ ಅವರ ಟೆಂಟ್ ಇದೆ, ಅವರವೇ ಇರಬೇಕು. ಅಲ್ಲಿಗೆ ಮುಟ್ಟಿಸುವುದಾಗಿ ಹೇಳಿದೆ. ನಾನೂ ಆ ಕಡೆಗೇ ಹೊರಟವಳಲ್ಲವೇ.

ಒಂದು ಕಡ್ಡಿ ಹಿಡಿದು ಹೊರಟೆ. ಬದುವಿನ ಮೇಲೆ ಚೆನ್ನಾಗಿಯೇ ನಡೆದವು. ಗುಡ್ಡಗಳ ನಡುವಿನ ಇಕ್ಕಟ್ಟಿಗೆ ಬಂದಾಗ ಮಾತ್ರ ಬುದ್ಧಿ ತೋರಿಸಿದವು. ದಡದಲ್ಲಿ ಬರೀ ಬಂಡೆ. ಅವು ಬಂಡೆ ಹತ್ತುವ ಬದಲು ನೇರ ಮಡುವಿಗೆ ಇಳಿದು ಎದುರು ದಡದ ಕಡೆ ತೇಲತೊಡಗಿದವು. ಚೀಲವನ್ನು ಬಂಡೆಯ ಮೇಲಿಟ್ಟು, ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದೆ. ಮೊಣಕಾಲುದ್ದ ನೀರು. ಇನ್ನೊಂದು ಹೆಜ್ಜೆ ಇಟ್ಟೆ. ಪಾಚಿ ಕಟ್ಟಿದ ಕಲ್ಲು ಜಾರಿತು, ನಾನು ಕುಂಡಿ ಊರಿ ಕುತ್ತಿಗೆಯವರೆಗೆ ನೀರಿನಲ್ಲಿ ಕೂತೆ. ಕೈಗೆ ತಳ ಸಿಕ್ಕಿತು, ಸೆಳವೂ ಇರಲಿಲ್ಲ. ತಣ್ಣನೆಯ ನೀರು ಮೈಗೆ ಹಿತವೆನಿಸಿತು. ನಗು ಬಂತು. ಒಬ್ಬಳೇ ಕೂತು ಜೋರಾಗಿ ನಕ್ಕೆ. ನನ್ನ ನಗು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಬಾತುಕೋಳಿಗಳು ಕುತೂಹಲಕ್ಕೋ ಏನೋ, ತಿರುಗಿ ನನ್ನ ಸುತ್ತ ನೆರೆದವು.

ಅಷ್ಟರಲ್ಲಿ ಬಂಡೆಯ ಮೇಲಿಂದ ಹೆಣ್ಣುದನಿಯೊಂದು ಕೇಳಿತು. "ಅಕ್ಕಾ, ಮಾ ಬಾತುಲು ಚೂಶಾರಾ?" ನಮ್ಮ ಬಾತುಕೋಳಿ ನೋಡಿದಿರಾ ಎಂದು ಕೇಳಿದವಳಿಗೆ, ಕೇಳಿ ಮುಗಿಸುವ ಮೊದಲೇ ಅವು ಕಂಡವು, ಅವುಗಳ ನಡುವೆ ನಾನೂ ಕಂಡೆ. ಮೂವತ್ತರ ಆಸುಪಾಸಿನವಳು. ಬಾಯಿಗೆ ಸೆರಗು ಹಿಡಿದು ನಗು ತಡೆದಳು. ನಾನೇ ತೆಲುಗಿನಲ್ಲಿ, ನಗು ತಾಯಿ, ಪರವಾಗಿಲ್ಲ ಎಂದ ಮೇಲೆ ಮನಸಾರೆ ನಕ್ಕಳು. ಆಮೇಲೆ ಒಂದು ಥರದ ಕೂಗು ಹಾಕಿದಳು. ಅಷ್ಟು ಹೊತ್ತು ನನ್ನನ್ನು ಆಡಿಸಿದ ಬಾತುಕೋಳಿಗಳು ಒಂದರ ಹಿಂದೊಂದು ಅವಳ ಕಾಲಬುಡಕ್ಕೆ ಹೋದವು. ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಅವಳ ಟೆಂಟಿನಲ್ಲಿ ಅವಳದೇ ಸೀರೆ ಉಟ್ಟು ಕೂತೆ. ನನ್ನದು ಜಾಲಿಗಿಡದ ಮೇಲೆ ಒಣಗುತ್ತಿತ್ತು. ಗಂಡ ಉಳಿದ ಹಿಂಡನ್ನು ಎರಡನೇ ಬೆಳೆ ಹಾಕದೆ ಬಿಟ್ಟ ಗದ್ದೆಗಳ ಕಡೆ ಹೊಡೆದುಕೊಂಡು ಹೋಗಿದ್ದನಂತೆ. ರಾತ್ರಿ ಬಾತುಕೋಳಿಗಳನ್ನು ಕೂಡಿಹಾಕುವ ಬಲೆ ಒಂದು ಕಡೆ ಹರಿದು, ಅಲ್ಲಿಂದ ಇವು ಪಾರಾಗಿದ್ದವು. ಬಲೆಯನ್ನು ನೋಡಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಅವಳ ಹತ್ತಿರ ಗೋಣಿಚೀಲ ಹೊಲಿಯುವ ದಬ್ಬಳ, ನೈಲಾನ್ ದಾರ ಇದ್ದವು. ಬಿಸಿಲಿಗೆ ಬೆನ್ನು ಕೊಟ್ಟು ಹೊಲಿಯುತ್ತ ಕೂತೆ. ಅವಳು ನನ್ನ ಬುತ್ತಿಯ ರೊಟ್ಟಿ ತಿಂದಳು, ನಾನು ಅವಳ ಅನ್ನ, ಗೋಂಗೂರ ಪಚ್ಚಡಿ ಉಂಡೆ. ಊರು, ಮಕ್ಕಳು, ಮಳೆ ಎಂದು ಬಹಳ ಮಾತಾಡಿದೆವು. ಹೊಲಿಗೆ ಮುಗಿದಾಗ ಅವಳು ಬಲೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, "ಜಾಕೆಟ್ ಲಾಗ ಉಂದಿ" ಎಂದಳು. ರವಿಕೆಯ ಹಾಗೆ ಆಗಿದೆ, ಎಂದು. ಇಷ್ಟು ವರ್ಷದಲ್ಲಿ ನನ್ನ ಹೊಲಿಗೆಗೆ ಇಷ್ಟು ಖುಷಿಯ ಮಾತು ಯಾರೂ ಹೇಳಿದ್ದು ನೆನಪಿಲ್ಲ.

ಹೊರಡುವಾಗ ನಾಲ್ಕು ಮೊಟ್ಟೆ ಹುಲ್ಲಿನಲ್ಲಿ ಸುತ್ತಿ ಕೊಟ್ಟಳು. ನಮ್ಮ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಅವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಪ್ರತಿ ಗುಂಡಿಗೂ ಉಸಿರು ಹಿಡಿದು ಸಿರುಗುಪ್ಪ ಮುಟ್ಟಿದೆ. ತಂಗಿ ಮೊಟ್ಟೆ ನೋಡಿ ಹೌಹಾರಿದಳು, ನಡೆದದ್ದನ್ನೆಲ್ಲ ನನ್ನಿಂದ ಕೇಳಿ ತಿಳಿದುಕೊಂಡಳು. ಪಕ್ಕದ ಮನೆಯ ಮುಸ್ಲಿಂ ಹೆಂಗಸಿಗೆ, ಓಣಿಯವರೆಲ್ಲ ಖಾಲಾ ಎಂದು ಕರೆಯುವವರಿಗೆ, ಕೊಟ್ಟೆವು. ಇಷ್ಟು ದೊಡ್ಡ ಮೊಟ್ಟೆ ಎಲ್ಲಿಯದು ಎಂದು ಅವರು ಕೇಳಿದಾಗ, ನನಗಿಂತ ಮೊದಲು ತಂಗಿಯೇ ಕಟ್ಟೆಯ ಮೇಲೆ ಕೂತು ಇಡೀ ಕತೆ ಹೇಳಿದಳು. ನಾನು ನೀರಿನಲ್ಲಿ ಕೂತ ಜಾಗಕ್ಕೆ ಬಂದಾಗ ಎದ್ದು ಅಭಿನಯಿಸಿಯೂ ತೋರಿಸಿದಳು. ಖಾಲಾ ಕಣ್ಣೊರೆಸಿಕೊಂಡು ನಗುತ್ತ, "ಮುಂದಿನ ಸಲ ಯಾವ ಕಡೆ ಹೊಂಟೀರಿ?" ಎಂದು ನನ್ನನ್ನು ಕೇಳಿದರು.

"ಹಗರಿ ಹೊಳಿ ಕಡೆ," ಎಂದೆ. ಅದು ಆ ಕ್ಷಣದವರೆಗೆ ನನಗೂ ಗೊತ್ತಿರಲಿಲ್ಲ.