ಬಡಿಸುವವರನ್ನೇ ಕರೆಸುವ ಉಮಾದೇವಿ

ಸಿಂಧನೂರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಉಮಾದೇವಿ ಒಂದು ಚಮಚ ಉಪ್ಪಿಟ್ಟು ಬಾಯಿಗಿಟ್ಟು ಹುಬ್ಬು ಗಂಟಿಕ್ಕುತ್ತಾರೆ. ಉಪ್ಪು ಜಾಸ್ತಿ. ಅಡುಗೆಯ ಹಾಜಿರಾಬೀ ಗೊಣಗುತ್ತಲೇ ಬಿಪಿ ಇರುವವರಿಗೆ ಬೇರೆ ಪಾತ್ರೆ ಇಡುತ್ತಾರೆ. ದಿನಾ ಇದೇ ಜಗಳ, ದಿನಾ ಇದೇ ರಾಜಿ.

ಉಮಾದೇವಿ ಆಹಾರತಜ್ಞೆ, ಜನರ ಬಾಯಲ್ಲಿ 'ಊಟದ ಮೇಡಂ'. ತುರ್ವಿಹಾಳದ ಕೂಲಿ ಮನೆಯಲ್ಲಿ ಹುಟ್ಟಿದವರು. ಉಣ್ಣುವುದನ್ನು ಕಲಿಸಲಿಕ್ಕೆ ಕಾಲೇಜು ಯಾಕೆ ಬೇಕಿತ್ತು ಎಂದು ತವರಿನವರು ಇವತ್ತಿಗೂ ನಗುತ್ತಾರೆ. ವಾರಕ್ಕೊಮ್ಮೆ ಮಸ್ಕಿಯ, ಇನ್ನೊಮ್ಮೆ ಲಿಂಗಸುಗೂರಿನ ಆಸ್ಪತ್ರೆಗೆ ಬಸ್ಸು ಹತ್ತುತ್ತಾರೆ. ದಿನಕ್ಕೆ ನಲವತ್ತು ಮಂದಿಯನ್ನು ನೋಡುತ್ತಾರೆ. ಪಥ್ಯದ ಚೀಟಿ ಕೊಟ್ಟರೆ ಅದು ಗೋಡೆಯ ಮೊಳೆಗೆ ಹೋಗಿ ಸೇರುತ್ತದೆ. ಹಾಗಾಗಿ ಮನೆಯಲ್ಲಿ ಬಡಿಸುವವರನ್ನೇ ಕರೆಸುವ ರೂಢಿ ಮಾಡಿಕೊಂಡಿದ್ದಾರೆ. "ಉಣ್ಣಾವ್ರಿಗೆ ಹೇಳಿದ್ರ ಏನ್ ಬಂತ್ರಿ? ಸೌಟು ಇನ್ನೊಬ್ಬರ ಕೈಯಾಗ ಇರತೈತಿ" ಎನ್ನುತ್ತಾರೆ.

ಹೋದ ವರ್ಷ ಈ ರೂಢಿಯೇ ಅವರನ್ನು ಪೇಚಿಗೆ ಸಿಲುಕಿಸಿತು. ಪಾಮನಕಲ್ಲೂರಿನ ಅಂಜಲಿ ಮಸ್ಕಿಗೆ ತೋರಿಸಿಕೊಳ್ಳಲು ಬಂದಾಗ ಏಳು ತಿಂಗಳ ಬಸುರಿ. ರಕ್ತ ತೀರಾ ಕಡಿಮೆ. ಹೀಗೇ ಇದ್ದರೆ ಹೆರಿಗೆಯಲ್ಲಿ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಬ್ಬಿಣದ ಗುಳಿಗೆ ನುಂಗುತ್ತಿದ್ದರೂ ರಕ್ತ ಏರುತ್ತಿರಲಿಲ್ಲ. ಅತ್ತೆ ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲ ಎಂದು ಉಮಾದೇವಿ ತೀರ್ಮಾನಿಸಿದರು. ಆಕೆಯನ್ನು ಕರೆಸಿ ಬಾಯಿಗೆ ಬಂದಂತೆ ಬೈದರು.

ಅತ್ತೆ ಮುದುಕಮ್ಮ ಸೆರಗು ಬಾಯಿಗಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಬಾಯಿ ಬಿಟ್ಟದ್ದು ಸೊಸೆ: "ತಮ್ಮ ಪಾಲಿನ ತತ್ತಿನೂ ನನಗ ಹಾಕ್ತಾರ್ರಿ. ಗುಳಿಗಿ ನುಂಗಿದ್ರ ವಾಂತಿ ಬರತೈತಂತ ಕೂಡೇ ಚಾ ಮಾಡಿ ಕೊಡ್ತಾರ."

ಗುಳಿಗೆಯ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಅಕ್ಕರೆಯೇ ಅಡ್ಡ ಬಂದಿತ್ತು. ಉಮಾದೇವಿಗೆ ನಾಚಿಕೆಯಾಯಿತು. ಹತ್ತಿರ ಹೋಗಿ ಮುದುಕಮ್ಮನ ಕೆಳರೆಪ್ಪೆ ಎಳೆದು ನೋಡಿದರು, ಒಳಗೆ ಬೆಳ್ಳಗಿತ್ತು. ಪರೀಕ್ಷೆ ಮಾಡಿಸಿದರೆ ಅತ್ತೆಯ ರಕ್ತ ಸೊಸೆಯದಕ್ಕಿಂತ ಕಡಿಮೆ. ಎಲ್ಲರೂ ಉಂಡೆದ್ದ ಮೇಲೆ, ಉಳಿದಿದ್ದರೆ ಉಣ್ಣುವ ಹೆಂಗಸು.

ಅವತ್ತು ಇಬ್ಬರಿಗೂ ಒಂದೇ ಪಥ್ಯವಾಯಿತು. ಗುಳಿಗೆಗೆ ನಿಂಬೆಹಣ್ಣಿನ ನೀರು, ಚಹಾ ಎರಡು ತಾಸು ತಡೆದು, ಬೇಳೆ-ಸೊಪ್ಪು ಇಬ್ಬರ ತಾಟಿಗೂ. ಊಟಕ್ಕೆ ಇಬ್ಬರೂ ಕೂಡಿಯೇ ಕೂರಬೇಕೆಂದು ಕಟ್ಟಪ್ಪಣೆ.

ಹೆರಿಗೆ ಸುಸೂತ್ರವಾಯಿತು. ಮನೆಯವರು ಡಾಕ್ಟರಿಗೆ ಶಾಲು ಹೊದಿಸಿದರು. ಊಟದ ಮೇಡಂ ಯಾರಿಗೂ ನೆನಪಾಗಲಿಲ್ಲ. ಕೂಸಿನ ಚುಚ್ಚುಮದ್ದಿಗೆಂದು ಮಸ್ಕಿಗೆ ಬಂದ ಮುದುಕಮ್ಮ ಮಾತ್ರ ಉಮಾದೇವಿಯ ಕೋಣೆಯ ಬಾಗಿಲಲ್ಲಿ ನಿಂತರು. "ಸೊಸಿ ರೊಟ್ಟಿ ಬಡದು ಮೊದ್ಲ ನನಗ ಹಾಕ್ಯಾಳ್ರಿ. ಬಿಸಿ ರೊಟ್ಟಿ ಹೆಂಗಿರತೈತಂತ ಮರತ ಬಿಟ್ಟಿದ್ದೆ" ಎಂದರು.

ಇಷ್ಟು ಹೇಳಿ ಉಮಾದೇವಿ ಮತ್ತೆ ಉಪ್ಪಿಟ್ಟಿನ ಪಾತ್ರೆಯತ್ತ ತಿರುಗುತ್ತಾರೆ. ಶಾಲಿನ ಬಗ್ಗೆ ಕೇಳಿದರೆ ತಲೆಯಾಡಿಸುತ್ತಾರೆ.

"ಶಾಲು ಯಾರಿಗರ ಹಾಕ್ಲಿರಿ. ಆ ತಾಯಿ ಬಿಸಿ ರೊಟ್ಟಿ ತಿಂದಾಳಲ್ಲ, ಅದು ನಾ ಮಾಡಿದ ಕೆಲಸ."