ಮುಂದಿನ ಸ್ಟೇಜು

ಕೊಳ್ಳೇಗಾಲದಿಂದ ರಾಮಾಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರು ಕಾದಂಬರಿಗಳ ಕೊನೆಯ ಪುಟ ಓದದೆಯೇ ಕಥೆ ಹೇಳುತ್ತಿದ್ದರೆಂದು ಜನ ಈಗಲೂ ನಗುತ್ತಾರೆ. ನಾನು ಒಪ್ಪುವುದಿಲ್ಲ, ನನ್ನಲ್ಲಿ ಸಾಕ್ಷಿಯಿದೆ.

ಟಿಕೆಟ್ ಹರಿಯುತ್ತ ತಾವು ಓದುತ್ತಿದ್ದ ಕಥೆ ಹೇಳುವರು. ಕುತೂಹಲ ಏರಿದೊಡನೆ, "ಮುಂದಿನ ಸ್ಟೇಜಲ್ಲಿ ಯೋಳ್ತೀನಿ" ಎಂದು ಹಿಂದಕ್ಕೆ ಹೊರಟುಬಿಡುವರು. ಹನೂರಲ್ಲಿ ಇಳಿಯಬೇಕಾದವರು ಹೀಗೆ ರಾಮಾಪುರ ನೋಡಿದ್ದುಂಟು.

ಒಮ್ಮೆ ನನಗೊಂದು ಕಾದಂಬರಿ ಸೂಚಿಸಿದರು. "ಓದ್ಲಾ, ಕೊನೇಲಿ ಟವಲ್ ಬೇಕಾಯ್ತದೆ." ಓದಿದೆ. ನಾಯಕಿ ಹೆರಿಗೆಯಲ್ಲಿ ಸಾಯುತ್ತಾಳೆ. ಇದೂ ಒಂದು ಮುಕ್ತಾಯವೇ ಎಂದು ಜಗಳ ಕಾಯಲು ಬಸ್ ಹತ್ತಿದರೆ, ಅವರು ಅದೇ ಕಥೆ ಹೇಳುತ್ತಿದ್ದರು. ಹೆರಿಗೆಗೆಂದು ತವರಿಗೆ ಹೊರಟಿದ್ದ ತುಂಬು ಬಸುರಿಯೊಬ್ಬಳು ಸೆರಗು ಹಿಂಡುತ್ತ ಕೇಳಿದಳು: "ಕೊನೀಗೆ ಅವ್ಳು ಏನಾದ್ಲಣ್ಣ?"

ಕಂಡಕ್ಟರು ಮುಂದಿನ ಸ್ಟೇಜಿಗೆ ಕಾಯಲಿಲ್ಲ. "ಅವ್ಳಿ ಜವ್ಳಿ ಕಣವ್ವ. ಬಾಣಂತನ ಮುಗುಸ್ಕಂಡು ರಾಗಿ ಬೀಸ್ತಾವ್ಳೆ."

ಅವಳು ಹೊಟ್ಟೆ ಹಿಡಿದು ನಕ್ಕಳು. ಬಸ್ಸೂ ನಕ್ಕಿತು. "ಮಕ್ಳಿಗೆ ಏನ್ ಯೆಸ್ರು ಮಡಗುದ್ರು ಸಾ?" ಎಂದಿತು ಹಿಂದಿನ ಸೀಟು.

"ಮುಂದಿನ ಸ್ಟೇಜಲ್ಲಿ ಯೋಳ್ತೀನಿ" ಎಂದು ಸೀಟಿ ಊದಿ, ಬಾಯಿ ತೆರೆದಿದ್ದ ನನ್ನ ಕಾಲು ತುಳಿದರು.

ಅವಳು ಇಳಿದ ಮೇಲೆ ಕೇಳಿದೆ: "ಅಲ್ಲಾ ಸಾ, ಈಗ ಈ ಕಾದಂಬರಿ ಬರ್ದೋರು ಪುಸ್ತಕದ ಮೇಲೆ ಹೆಸ್ರಿರೋರಾ, ನೀವಾ?"